ಹನ್ನೊಂದು ವರ್ಷದ ಮುನ್ನುಡಿ

ಮುನ್ನುಡಿ ಬರೆಯುವುದರಲ್ಲಿ ನಾನು ನಿಷ್ಣಾತ. ಹಾವೇರಿಯ ಸುತ್ತಮುತ್ತ ಯಾರಾದರೂ ಕವನ ಸಂಕಲನ ತಂದರೆ ಅದರ ಮೊದಲ ನಾಲ್ಕು ಪುಟ ನನ್ನವೇ ಎಂದು ತಿಳಿಯಿರಿ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನಿಗೆ ಊರು ಕೊಡುವ ಎರಡನೆಯ ಪಿಂಚಣಿ ಇದು. ಪುಸ್ತಕವನ್ನು ಪೂರ್ತಿ ಓದಲೇಬೇಕೆಂಬ ಹಟ ನನಗೆಂದೂ ಇರಲಿಲ್ಲ. ಮೊದಲ ಪದ್ಯ, ಕೊನೆಯ ಪದ್ಯ, ನಡುವೆ ಬೆರಳು ಬಿದ್ದಲ್ಲಿ ಒಂದು. ಅಷ್ಟಾದರೆ ಭರವಸೆ, ಸಂವೇದನೆ, ಮಣ್ಣಿನ ವಾಸನೆ ಎಂಬ ಮೂರು ಕಲ್ಲು ಹೂಡಿ ಒಲೆ ಹಚ್ಚಿಬಿಡುತ್ತೇನೆ. ನಮ್ಮ ಹಳೆಯ ಕವಿಗಳಿಗೆ ಈ ದೈನ್ಯ ಇರಲಿಲ್ಲ. ದೇವರಿಗೆ ಕೈಮುಗಿದು, ಸುಕವಿಗಳನ್ನು ಹೊಗಳಿ, ಕುಕವಿಗಳನ್ನು ಬೈದು, ತಾವೇ ಕಾವ್ಯಕ್ಕೆ ಇಳಿಯುತ್ತಿದ್ದರು. ಮುನ್ನುಡಿಯವನು ಹುಟ್ಟಿದ್ದು ಆಮೇಲೆ, ಮಾಲು ಹೆಚ್ಚಾದ ಮೇಲೆ ದಲಾಲ ಹುಟ್ಟಿದ ಹಾಗೆ.

ಇಷ್ಟೆಲ್ಲ ಬರೆದವನು, ಬರೆಯಲೇಬೇಕಾಗಿದ್ದ ಒಂದು ಮುನ್ನುಡಿಯನ್ನು ಮಾತ್ರ ಹನ್ನೊಂದು ವರ್ಷ ಬರೆಯಲಿಲ್ಲ. ಆ ಸಂಗತಿಯನ್ನು ನಿಮ್ಮ ಮುಂದೆ ಹೇಳಿಬಿಟ್ಟರೆ ಎದೆ ತುಸು ಹಗುರಾದೀತು.

ದಾವಲಸಾಬರು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ಹೊರಗೆ ಹೆಂಚು ಕಾದಂಥ ಬಿಸಿಲು, ಒಳಗೆ ಮೆಣಸಿನಕಾಯಿ ಚೀಲಗಳ ಗುಡ್ಡ ಮತ್ತು ಎಲುಬು ನಡುಗಿಸುವ ಥಂಡಿ. ಇವೆರಡರ ನಡುವೆ ಒಂದು ಸ್ಟೂಲಿನ ಮೇಲೆ ಕುಳಿತು ಅವರು ಮೂವತ್ತು ವರ್ಷ ಕತೆ ಬರೆದರು. ಮನೆಮಾತು ಉರ್ದು, ಬರೆದದ್ದೆಲ್ಲ ಕನ್ನಡ. ಯಾಕೆಂದು ಒಮ್ಮೆ ಕೇಳಿದ್ದೆ. "ಉರ್ದು ಮನ್ಯಾಗ ಎಲ್ಲಾರ್ದೂ ಐತ್ರಿ ಸರ. ಕನ್ನಡ ನಾ ಸಾಲಿಗೆ ಹೋಗಿ ಕಲತದ್ದು. ಅದು ನನ್ನ ಸ್ವಂತದ್ದು," ಎಂದಿದ್ದರು.

ಎಂಥ ಕತೆಗಳವು! ಒಂದರಲ್ಲಿ ಜನ ತಮಗೆ ಈಗಲೇ ಬೇಡವಾದ ದಿನಗಳನ್ನು ಚೀಲದಲ್ಲಿ ಕಟ್ಟಿ ಥಂಡಿ ಕೋಣೆಯಲ್ಲಿ ಇಡುತ್ತಾರೆ. ಒಬ್ಬ ತನ್ನ ಮದುವೆಯ ದಿನವನ್ನು ಮೂವತ್ತು ವರ್ಷದ ಮೇಲೆ ಬಿಡಿಸಿಕೊಂಡು ನೋಡಿದರೆ ದಿನ ತಾಜಾ ಇದೆ, ಇವನೇ ಹಳಸಿದ್ದಾನೆ. ಇನ್ನೊಂದರಲ್ಲಿ ಒಂದು ಜಾತಿಯ ಮೆಣಸಿನಕಾಯಿ. ಕಚ್ಚಿದವನಿಗೆ ಖಾರ ಹತ್ತುವುದಿಲ್ಲ, ಬೆಳೆದವನ ದುಃಖ ಹತ್ತುತ್ತದೆ. ಮತ್ತೊಂದರಲ್ಲಿ ಒಬ್ಬ ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಊರು ಅದೇ, ಓಣಿ ಅದೇ, ಆದರೆ ಅದು ಅವನು ಹುಟ್ಟದೇ ಹೋದ ಬ್ಯಾಡಗಿ. ಅವನ ಮನೆಯಲ್ಲಿ ಎಲ್ಲರೂ ಇದ್ದಾರೆ, ಯಾರಿಗೂ ಅವನ ಗುರುತಿಲ್ಲ. ಗುರುತಿಲ್ಲದವನಿಗೂ ಅವರು ನೀರು ಕೊಡುತ್ತಾರೆ, ಊಟಕ್ಕೆ ಕೂರಿಸುತ್ತಾರೆ.

ಇದನ್ನೆಲ್ಲ ಎಲ್ಲಿಂದ ಕಲಿತಿರಿ ಎಂದರೆ ಅವರು ದೇವರಗುಡ್ಡದ ಜಾತ್ರೆಯ ಕಾರಣಿಕವನ್ನು, ಆ ವರ್ಷದ ಭವಿಷ್ಯ ನುಡಿಯುವುದನ್ನು ತೋರಿಸುತ್ತಿದ್ದರು. ಗೊರವಯ್ಯ ಎತ್ತರದ ಬಿಲ್ಲು ಏರುತ್ತಾನೆ, 'ಸದ್ದಲೇ' ಎನ್ನುತ್ತಾನೆ, ಸಾವಿರಾರು ಜನ ಉಸಿರು ಹಿಡಿಯುತ್ತಾರೆ. ಅವನು ಹೇಳುವುದು ಒಂದೇ ಮಾತು, ಹೇಳಿದವನೇ ಕೆಳಗೆ ಬೀಳುತ್ತಾನೆ. ಅದರ ಅರ್ಥವನ್ನು ರಾಣೇಬೆನ್ನೂರಿನ ಚಹಾದಂಗಡಿಗಳಲ್ಲಿ ಮುಂದಿನ ವರ್ಷದವರೆಗೂ ಹಿಂಜುತ್ತಾರೆ. "ಕತಿ ಅಂದ್ರ ಹಂಗ ಇರಬೇಕ್ರಿ. ಹೇಳಿದವ ಕೆಳಗ ಬಿದ್ದ ಮ್ಯಾಲೂ ಮಾತು ಮ್ಯಾಲೇ ಇರಬೇಕು," ಎನ್ನುತ್ತಿದ್ದರು.

ಮೂವತ್ತೊಂದು ಕತೆಗಳನ್ನು ನಾಲ್ಕು ನೋಟುಬುಕ್ಕುಗಳಲ್ಲಿ ನೀಟಾಗಿ ನಕಲು ಮಾಡಿ ಅವರು ನನ್ನ ಮನೆಗೆ ತಂದರು. ರಾಣೇಬೆನ್ನೂರಿನ ಪ್ರೆಸ್ಸಿನ ಮಾಲೀಕರೊಬ್ಬರು ಅಚ್ಚು ಹಾಕಲು ಒಪ್ಪಿದ್ದರು. ಅವರ ಷರತ್ತು ಒಂದೇ, ನನ್ನ ಮುನ್ನುಡಿ. "ಒಂದು ವಾರ," ಎಂದೆ ನಾನು.

ಮೊದಲ ಮೂರು ತಿಂಗಳು ಬರೆಯದಿದ್ದುದಕ್ಕೆ ಕಾರಣ ಶುದ್ಧ ಸೋಮಾರಿತನ. ಅದನ್ನು ಒಪ್ಪಿಕೊಳ್ಳಲು ನನಗೆ ಏನೂ ನಾಚಿಕೆಯಿಲ್ಲ. ಆಮೇಲಿನದಕ್ಕೆ ಇದೆ. ಅಪರೂಪಕ್ಕೆ ನಾನು ಆ ಹಸ್ತಪ್ರತಿಯನ್ನು ಪೂರ್ತಿ ಓದಿಬಿಟ್ಟೆ. ಹರೆಯದಲ್ಲಿ ನಾನೂ ಕತೆ ಬರೆದವನು. ಅವು ಟ್ರಂಕಿನ ತಳದಲ್ಲಿವೆ, ಅಲ್ಲಿಯೇ ಇರಲಿ. ಸ್ಟೇಷನ್ನಿನ ಆ ಕತೆಯಲ್ಲಿ, ಹುಟ್ಟದೇ ಹೋದ ಮಗ ಊಟಕ್ಕೆ ಕುಳಿತು ತಾಯಿಯನ್ನು ನೋಡುವಲ್ಲಿ ಒಂದು ಸಾಲಿತ್ತು: 'ಇಲ್ಲಿ ಅವಳು ತುಸು ಹೆಚ್ಚು ನಗುತ್ತಿದ್ದಳು.' ಅದನ್ನು ಓದಿ ಎದ್ದು ಹೋಗಿ ಅಂಗಳದಲ್ಲಿ ನಿಂತೆ. ಮೂವತ್ತು ವರ್ಷ ಸಾಹಿತ್ಯ ಕಲಿಸಿದ ನನಗೆ ಅಂಥ ಒಂದು ಸಾಲು ಬಂದಿರಲಿಲ್ಲ, ಬರುವುದೂ ಇರಲಿಲ್ಲ. ಒಳಗೆ ಬಂದವನು ಪೆನ್ಸಿಲು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಅನಗತ್ಯ' ಎಂದು ಬರೆದೆ. ಮತ್ಸರಕ್ಕೆ ಇಷ್ಟು ಚೊಕ್ಕ ಅಕ್ಷರ ಇರುತ್ತದೆಂದು ಆವರೆಗೆ ನನಗೆ ಗೊತ್ತಿರಲಿಲ್ಲ.

ಮುಂದಿನ ಸಲ ಅವರು ಬಂದಾಗ ಗಂಭೀರವಾಗಿ ಹೇಳಿದೆ: "ದಾವಲಸಾಬ್ರ, ಇದೆಲ್ಲಾ ತತ್ವಜ್ಞಾನ ಆತು. ನಿಮ್ಮ ಬದುಕು ಎಲ್ಲಿ ಐತಿ ಇದರಾಗ? ಹಮಾಲರು, ನಿಮ್ಮ ಓಣಿ, ನಿಮ್ಮ ಮಂದಿ, ಅದನ್ನ ಬರೀರಿ. ಓದವ್ರು ನಿಮ್ಮಿಂದ ಅದನ್ನ ಕೇಳ್ತಾರ."

ಅವರು ಮೆಲ್ಲಗೆ ಕೇಳಿದರು. "ದಿನಾ ಅದರಾಗ ಇರ್ತೇನ್ರಿ ಸರ. ಬರಿಯೂವಾಗರೆ ಒಂದೀಟು ಹೊರಗ ಹೋಗಿ ಬರಬಾರದೇನ್ರಿ?"

ಚಹಾ ತರಿಸಿದೆ.

ಪಾಪ, ಅವರು ನನ್ನ ಮಾತು ಕೇಳಿದರು. ಹಮಾಲನೊಬ್ಬನ ಕತೆ ಬರೆದು ತಂದರು. ಅದರಲ್ಲಿ ಪುಟಕ್ಕೆರಡು ಸಲ ಬೆವರು ಹರಿಯುತ್ತಿತ್ತು. ಮೇಷ್ಟರು ಕೊಟ್ಟ ಪಾಠವನ್ನು ಹುಡುಗ ಒಪ್ಪಿಸಿದಂತಿತ್ತು. ನಾನು ಅದನ್ನು ಬಾಯ್ತುಂಬ ಹೊಗಳಿದೆ, ಪರಿಚಯದ ಪತ್ರಿಕೆಯೊಂದರಲ್ಲಿ ಅಚ್ಚೂ ಮಾಡಿಸಿದೆ. ಅದಾದ ಮೇಲೆ ದಾವಲಸಾಬರು ಏನನ್ನೂ ಬರೆಯಲಿಲ್ಲ. ಯಾಕೆಂದು ಕೇಳಿದರೆ, "ಹೊರಗ ಹೋಗೂ ಹಾದಿ ಮರತಂಗ ಆಗೇತ್ರಿ," ಎಂದು ನಕ್ಕರು. ವರ್ಷಗಳು ಹೋದವು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ನಾನು ಮುನ್ನುಡಿಗೆ ನೆಪ ಹುಡುಕುತ್ತಿದ್ದರೆ, ಅವರು ನನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಿದ್ದರು. ಮುನ್ನುಡಿಯ ಸುದ್ದಿಯನ್ನು ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಬರೆಯುತ್ತಿದ್ದೆನೋ ಏನೋ.

ಹೋದ ವರ್ಷ ಅವರ ಮಗಳು ಶಮೀಮ ಫೋನು ಮಾಡಿದಳು. ಕದರಮಂಡಲಗಿಯ ಶಾಲೆಯಲ್ಲಿ ಕನ್ನಡ ಕಲಿಸುವವಳು. "ಅಬ್ಬಾಗ ಲಕ್ವಾ ಹೊಡದೈತ್ರಿ ಸರ. ದವಾಖಾನಿಯಿಂದ ಮನಿಗೆ ಕರಕೊಂಡು ಬಂದೇವಿ. ಒಮ್ಮೆ ಬಂದು ಹೋಗ್ರಿ."

ನಾಲ್ಕೂ ನೋಟುಬುಕ್ಕುಗಳನ್ನು ಚೀಲದಲ್ಲಿ ಹಾಕಿಕೊಂಡು ಬ್ಯಾಡಗಿಗೆ ಹೋದೆ. ಅವರು ಗೋಡೆಗೆ ದಿಂಬು ಕೊಟ್ಟು ಕುಳಿತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನನ್ನು ನೋಡಿ ಮುಖ ಅರಳಿತು. ನಾನು ಮಾತಾಡಿದೆ. ಅವರು ನಗುತ್ತಲೇ ಇದ್ದರು, ಭಾಷೆ ಬರದ ಊರಿನಲ್ಲಿ ಮರ್ಯಾದಸ್ಥ ಮನುಷ್ಯ ನಗುವ ಹಾಗೆ. ಆಮೇಲೆ ಮಗಳ ಕಡೆ ತಿರುಗಿ ಉರ್ದುವಿನಲ್ಲಿ ನಿಧಾನವಾಗಿ ಏನೋ ಕೇಳಿದರು.

"ನಿಮ್ಮ ಮೊಣಕಾಲು ಹೆಂಗೈತಿ ಅಂತ ಕೇಳಾಕತ್ತಾರ್ರಿ," ಎಂದಳು ಶಮೀಮ. ಆಮೇಲೆ ದನಿ ತಗ್ಗಿಸಿ, "ಕನ್ನಡ ಹೋಗೇತ್ರಿ ಸರ. ಆಡಾಕೂ ಬರೂದಿಲ್ಲ, ತಿಳಿಯೂದೂ ಇಲ್ಲ. ಉರ್ದು ಉಳದೈತಿ. ಎರಡು ಭಾಷಾ ಇದ್ದವ್ರಿಗೆ ಒಮ್ಮೊಮ್ಮೆ ಹಿಂಗಾಕ್ಕತಿ ಅಂದ್ರು ಡಾಕ್ಟ್ರು. ನೆನಪೆಲ್ಲಾ ಐತ್ರಿ, ಭಾಷಾ ಅಷ್ಟ ಇಲ್ಲ."

ಸ್ವಂತದ್ದು ಎಂದು ಅವರು ಹೇಳಿಕೊಂಡದ್ದೇ ಹೋಗಿತ್ತು. ಏನು ಮಾಡಬೇಕೋ ತಿಳಿಯದೆ ಚೀಲದಿಂದ ನೋಟುಬುಕ್ಕು ತೆಗೆದೆ. ಸ್ಟೇಷನ್ನಿನ ಕತೆಯನ್ನು ಕನ್ನಡದಲ್ಲಿ ಓದುತ್ತ ಹೋದೆ. ಶಮೀಮ ಒಂದೊಂದೇ ಸಾಲನ್ನು ಉರ್ದುವಿನಲ್ಲಿ ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಊಟದ ದೃಶ್ಯ ಬಂತು, ಮುಂದಕ್ಕೆ ಹೋದೆ. ಅವರು ಎಡಗೈ ಎತ್ತಿದರು.

"ಒಂದು ಮಾತು ಬಿಟ್ಟೀರಂತ," ಎಂದಳು ಶಮೀಮ.

ನನ್ನದೇ ಪೆನ್ಸಿಲಿನ ಗೆರೆಯ ಅಡಿಯಿಂದ ಆ ಸಾಲನ್ನು ಓದಿದೆ. ಶಮೀಮ ಅದನ್ನು ಹೇಳಲು ಹೋಗಿ ನಿಂತಳು, ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹೇಳಿದಳು. ದಾವಲಸಾಬರು ತಲೆಯಾಡಿಸಿದರು. ನಾನು ಅವಳಿಗೆ ಗೆರೆಯನ್ನು ತೋರಿಸಿದೆ. "ಇದನ್ನ ಹೊಡದಾಂವ ನಾನವಾ. ಸಾಲು ಕೆಟ್ಟದೈತಿ ಅಂತಲ್ಲ, ನನ್ನ ಹೊಟ್ಟಿಕಿಚ್ಚಿಗೆ. ಅಷ್ಟನ್ನ ಅವರಿಗೆ ಹೇಳು." ಅವಳು ಹೇಳಿದಳು. ಅವರು ನನ್ನನ್ನೇ ಬಹಳ ಹೊತ್ತು ನೋಡಿ, ಎಡಗೈಯಿಂದ ನನ್ನ ಮೊಣಕಾಲನ್ನು ಮೆಲ್ಲಗೆ ತಟ್ಟಿದರು. ಬೈದಿದ್ದರೆ ಒಳ್ಳೆಯದಿತ್ತು.

ಮುನ್ನುಡಿಯನ್ನು ಆ ವಾರವೇ ಬರೆದೆ. ಹನ್ನೊಂದು ವರ್ಷದ್ದು, ಹದಿನಾರು ಪುಟವಾಯಿತು. ಪುಸ್ತಕ ಬಂತು. ಮೊದಲ ಪ್ರತಿಯನ್ನು ಅವರ ತೊಡೆಯ ಮೇಲಿಟ್ಟೆ. ಅವರು ಪುಟ ತಿರುವಿದರು. ತಾವು ಬರೆದ ಅಕ್ಷರಗಳ ಮೇಲೆ, ಬಟ್ಟೆಯ ನೇಯ್ಗೆ ನೋಡುವವರಂತೆ ಬೆರಳಾಡಿಸಿದರು. ಶಮೀಮ ನನ್ನ ಮುನ್ನುಡಿಯನ್ನು ಉರ್ದುವಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಚಹಾ ಆಗಿತ್ತು. ಅವರು ಏನೋ ಅಂದರು. ಅವಳು ಹೇಳಲು ಹಿಂಜರಿದಳು.

"ಏನಂದ್ರವಾ? ಹೇಳು."

"ಛಲೋ ಐತಂತ್ರಿ ಸರ. ಆದ್ರ ಬಂದ ಮಂದೀನ ಬಾಗಲದಾಗ ಇಷ್ಟೊತ್ತು ನಿಲ್ಲಸಬಾರದು, ಲಗೂ ಒಳಗ ಬಿಡ್ರಿ ಅಂತಾರ."

ಜನ ಒಳಗೆ ಹೋಗುತ್ತಿದ್ದಾರೆ, ಒಬ್ಬೊಬ್ಬರಾಗಿ. ದೂರದೂರುಗಳಿಂದ ಕಾಗದಗಳು ಬರುತ್ತವೆ, ಇವರು ಇನ್ನೇನು ಬರೆದಿದ್ದಾರೆ ಎಂದು. ಏನೂ ಇಲ್ಲ ಎಂದು ಉತ್ತರ ಬರೆಯುವ ಕೆಲಸ ನನ್ನದು. ಕನ್ನಡ ಇನ್ನೂ ಅವರ ಬಳಿ ಇದ್ದ ಆ ಹನ್ನೊಂದು ವರ್ಷಗಳಲ್ಲಿ ಹುಟ್ಟಬಹುದಾಗಿದ್ದ ಕತೆಗಳ ಲೆಕ್ಕ ಯಾರೂ ಕೇಳುವುದಿಲ್ಲ.

ಈಗೀಗ ಅವರು ಉರ್ದುವಿನಲ್ಲಿ ಹೊಸ ಕತೆಯೊಂದನ್ನು ಹೇಳತೊಡಗಿದ್ದಾರೆ. ಶಮೀಮಳಿಗೆ ಶಾಲೆಯಿರುವ ದಿನ ನಾನೇ ಹೋಗಿ ಎದುರು ಕೂರುತ್ತೇನೆ. ಅರವತ್ತೊಂಬತ್ತರ ವಯಸ್ಸಿನಲ್ಲಿ ಉರ್ದುವಿನ ಅಲಿಫ್, ಬೇ ಕಲಿಯುತ್ತಿದ್ದೇನೆ. ಅವರು ನಿಧಾನವಾಗಿ, ತಡವರಿಸುತ್ತ ಹೇಳುತ್ತಾರೆ. ನಾನು ಅಭ್ಯಾಸಬಲದಿಂದ ತಲೆದೂಗುತ್ತೇನೆ. ಅವರು ತಟ್ಟನೆ ನಿಲ್ಲಿಸಿ, ನನ್ನ ಮುಖ ನೋಡಿ, "ಸಮ್ಝೆ?" ಎಂದು ಕೇಳುತ್ತಾರೆ.

"ನೈ," ಎನ್ನುತ್ತೇನೆ.

ಅವರಿಗೆ ಅದರಿಂದ ಬಹಳ ಖುಷಿಯಾಗುತ್ತದೆ. ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ.