ಹಗ್ಗಕ್ಕೆ ಎಷ್ಟು ಜನ

ಹರಿಹರದಿಂದ ಹೊರಟಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಕಾರ್ಖಾನೆಯ ಒಂದು ಸ್ಟಾಪ್‌ವಾಚು, ಹೊಟ್ಟೆಗೆ, ತಲೆಗೆ, ವಾಂತಿಗೆ ಎಂದು ಮೂರು ಬಗೆಯ ಮಾತ್ರೆ ಮತ್ತು ಹೆಂಡತಿ ಗಿರಿಜ ಕಟ್ಟಿಕೊಟ್ಟ ಖಡಕ್ ರೊಟ್ಟಿ ಇದ್ದವು. ಉಡುಪಿಗೆ ಹೋಗುವವರು ಯಾರಾದರೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆಯೇ ಎಂದು ಮಗಳು ನಕ್ಕಳು. ಅಲ್ಲಿ ಊಟ ಸಿಗುತ್ತದೆ ಎಂದು ನನಗೂ ಗೊತ್ತು. ಆದರೆ ಸಿಗದಿದ್ದರೆ? ಈ ‘ಸಿಗದಿದ್ದರೆ’ ಎಂಬುದನ್ನು ನಾನು ಹುಟ್ಟಿದಾಗಿನಿಂದ ಹೊತ್ತು ತಿರುಗುತ್ತಿದ್ದೇನೆ. ಮಾತ್ರೆಗಳಿಗಿಂತ ಅದೇ ಭಾರ.

ಎಪ್ಪತ್ತರ ದಶಕದ ನಡುವಿನ ಒಂದು ನವೆಂಬರ್ ಅದು. ನನಗೆ ನಲವತ್ತು ದಾಟಿತ್ತು. ಕಾರ್ಖಾನೆಯವರು ನನ್ನನ್ನು ಮಣಿಪಾಲದ ಒಂದು ಡಿಪ್ಲೊಮಾ ತರಗತಿಗೆ ಸೇರಿಸಿದ್ದರು. ವಿಷಯ ಉತ್ಪಾದನೆ ಮತ್ತು ಕಾರ್ಯಾಚರಣೆಯ ನಿರ್ವಹಣೆ. ವರ್ಷಕ್ಕೆರಡು ಸಲ ಹೋಗಿ ಪಾಠ ಕೇಳಬೇಕು, ಉಳಿದಂತೆ ಮನೆಯಲ್ಲಿ ಕೂತು ಓದಬೇಕು. ಬರೆಯುವ ಪರೀಕ್ಷೆಗಳನ್ನು ಹೇಗೋ ದಾಟಿದ್ದೆ. ಒಂದು ಕೆಲಸದ ಬಗ್ಗೆ ವರದಿ ಬರೆದೊಯ್ದು ಅದರ ಮೇಲಿನ ಪ್ರಶ್ನೆಗಳಿಗೆ ಉತ್ತರಿಸುವ ಮೌಖಿಕ ಪರೀಕ್ಷೆಯಲ್ಲಿ ಹಿಂದಿನ ವರ್ಷ ಬಿದ್ದಿದ್ದೆ. ಇನ್ನೊಂದೇ ಅವಕಾಶ ಉಳಿದಿತ್ತು. ಗೆದ್ದರೆ ಕಾರ್ಖಾನೆಯಲ್ಲಿ ಹೊಸದಾಗಿ ಶುರುವಾಗುತ್ತಿದ್ದ ಕೆಲಸ-ಅಧ್ಯಯನ ವಿಭಾಗದಲ್ಲಿ ನನಗೊಂದು ಮೇಜು, ಕುರ್ಚಿ, ನೆತ್ತಿಯ ಮೇಲೆ ಫ್ಯಾನು. ಯಾವ ಯಂತ್ರಕ್ಕೆ ಎಷ್ಟು ಜನ ಬೇಕೆಂದು ಹೇಳುವುದು ಆ ವಿಭಾಗದ ಕೆಲಸ. ಸೋತರೆ ಹೊರಗಿನಿಂದ ಯಾರೋ ಬಂದು ಆ ಫ್ಯಾನಿನ ಕೆಳಗೆ ಕೂರುತ್ತಾರೆ, ನಾನು ಎಣ್ಣೆ ವಾಸನೆಯ ಶೆಡ್ಡಿನಲ್ಲೇ ನಿವೃತ್ತನಾಗುತ್ತೇನೆ.

ಶಿವಮೊಗ್ಗದಲ್ಲಿ ಬಸ್ಸು ಬದಲಿಸಿದೆ. ಆಗುಂಬೆಯಲ್ಲಿ ದೊಡ್ಡ ಬಸ್ಸಿನಿಂದ ಇಳಿಸಿ ಸಣ್ಣ ಬಸ್ಸಿಗೆ ತುಂಬಿದರು. ಘಾಟಿಯ ತಿರುವುಗಳಲ್ಲಿ ದೊಡ್ಡದು ತಿರುಗುವುದಿಲ್ಲ. ವಾಂತಿಯ ಮಾತ್ರೆಯನ್ನು ಮೊದಲೇ ನುಂಗಿದ್ದರಿಂದ ನಿದ್ದೆ ಹತ್ತಿತು. ಘಟ್ಟದ ಸೊಬಗನ್ನು ವರ್ಣಿಸಲು ನನ್ನಿಂದಾಗದು, ಕ್ಷಮಿಸಬೇಕು. ಎಚ್ಚರವಾದಾಗ ಕೆಳಗಿದ್ದೆವು. ಅಂಗಿ ಬೆನ್ನಿಗೆ ಅಂಟಿತ್ತು. ಉಡುಪಿಯಲ್ಲಿ ಬಿಸಿ ಗೋಳಿಬಜೆ ತಿಂದು, ಸಿಟಿ ಬಸ್ಸಿನಲ್ಲಿ ಮಣಿಪಾಲದ ಗುಡ್ಡ ಹತ್ತಿದೆ. ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ.

ಮಾರನೆಯ ದಿನ ಪ್ರೊಫೆಸರರು ನನ್ನ ಹಳೆಯ ವರದಿಯನ್ನು ಮುಂದಿಟ್ಟುಕೊಂಡು ಕೇಳಿದರು: “ಇದರಲ್ಲಿ ನಿಮ್ಮ ಕಾರ್ಖಾನೆಯ ಸುತ್ತೋಲೆ ಎಷ್ಟು, ನೀವು ಎಷ್ಟು?”

ಅವರು ವರದಿಯನ್ನು ಮಡಚಿ ನನ್ನ ಕಡೆಗೆ ತಳ್ಳಿದರು.

“ಈ ಸಲ ಗೋಡೆ ಇಲ್ಲದ ಕಡೆ ಹೋಗಿ. ಸೈರನ್ ಇಲ್ಲದ, ಹಾಜರಿ ಇಲ್ಲದ ಒಂದು ಕೆಲಸವನ್ನು ನೋಡಿ ಬನ್ನಿ. ಅದಕ್ಕೆ ಎಷ್ಟು ಜನ ಬೇಕು ಅಂತ ಬರೆಯಿರಿ. ಪರೀಕ್ಷಕರು ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿದ್ದಾರೆ. ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾರೆ. ನೀವೇ ಅವರ ಮನೆಗೆ ಹೋಗಬೇಕು.”

ನನ್ನ ಪಕ್ಕದಲ್ಲಿ ಕೂತಿದ್ದ ಸಹಪಾಠಿ ಇಬ್ರಾಹಿಂ ಕಾಪುವಿನವನು. ಬ್ಯಾರಿ ಮನೆತನ, ತಂದೆಯದು ಪೇಟೆಯಲ್ಲಿ ದಿನಸಿ ಅಂಗಡಿ. ಅವನು ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕ, ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ವರದಿ ಆಗಲೇ ಮುಗಿದಿತ್ತು.

“ಬಸಣ್ಣ, ನಮ್ಮೂರಿಗೆ ಬನ್ನಿ,” ಎಂದ. “ರಂಪಣಿ ಬಲೆ ಎಳೆಯುವುದು ನೋಡಿದ್ದೀರಾ? ಗೋಡೆಯೂ ಇಲ್ಲ, ಹೆಂಚಿನ ಮಾಡೂ ಇಲ್ಲ.”

“ಮೀನಾ?” ಎಂದೆ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರು ಹೇಳಿದರೂ ಬಾಯಿ ತೊಳೆಯುತ್ತಾರೆ.

“ಎಣಿಸ್ಲಿಕ್ಕೆ ಹೇಳಿದ್ದು ಮಾರಾಯ್ರೆ, ತಿನ್ಲಿಕ್ಕಲ್ಲ!”

ಅಂದು ಸಂಜೆಯೇ ಹೊರಟೆವು. ಉಡುಪಿಯಿಂದ ಕಾಪುವಿಗೆ ಹೆದ್ದಾರಿಯಲ್ಲಿ ಎಂಟು ಮೈಲಿ ಇರಬಹುದು. ಅಂಬಲಪಾಡಿ ದಾಟುವಷ್ಟರಲ್ಲಿ ಖಾಸಗಿ ಬಸ್ಸಿನ ಚಾಲಕ ಮುಂದಿನ ಬಸ್ಸನ್ನು ಹಿಂದೆ ಹಾಕಲು ಹಟ ಹಿಡಿದಿದ್ದ. ನಾನು ಎದುರಿನ ಕಂಬಿಯನ್ನು ಬಿಡಲಿಲ್ಲ. ಇಬ್ರಾಹಿಂನ ಮನೆಯಲ್ಲಿ ಬೆಲ್ಲ ನೀರು ಕೊಟ್ಟ ಮೇಲೆ, ಅವನ ತಾಯಿ ಬಾಗಿಲ ಮರೆಯಿಂದ ಬ್ಯಾರಿ ಭಾಷೆಯಲ್ಲಿ ಏನೋ ಕೇಳಿದರು.

“ನಿಮ್ಮ ಊಟ ಎದುರಿನ ಭಟ್ಟರ ಹೋಟೆಲಿನಿಂದ ತರಿಸಿಯಾಯ್ತು, ಎಲೆಯೂ ಅವರದ್ದೇ,” ಎಂದು ಇಬ್ರಾಹಿಂ ಹೇಳಿದ. “ಆದರೆ ನೀರು ನಮ್ಮ ಬಾವಿಯದ್ದು. ಅದಕ್ಕೂ ಭಟ್ಟರನ್ನು ಕರೆಸಬೇಕಾ ಅಂತ ಉಮ್ಮ ಕೇಳ್ತಾ ಇದ್ದಾರೆ.”

“ಬ್ಯಾಡ ಬ್ಯಾಡ, ಆಗಲೇ ಬೆಲ್ಲದ ಜೊತೆ ಕುಡಿದೀನಲ್ಲ!” ಎಂದೆ. ಒಳಗೆ ನಗು ಕೇಳಿಸಿತು.

ಬೆಳಿಗ್ಗೆ ಕಡಲ ದಂಡೆಗೆ ಹೋದೆವು. ದೀಪಸ್ತಂಭ ಬಂಡೆಯ ಮೇಲೆ ನಿಂತಿತ್ತು. ದೋಣಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಸಮುದ್ರದಲ್ಲಿ ಬಿಟ್ಟು ಬಂದಿತ್ತು. ಅದರ ಎರಡು ತುದಿಗಳ ಹಗ್ಗಗಳು ದಂಡೆಯ ಮೇಲಿದ್ದವು. ಒಂದೊಂದು ಹಗ್ಗಕ್ಕೂ ಒಂದು ಸಾಲು ಜನ. ಎಳೆಯುತ್ತ ಎಳೆಯುತ್ತ ಎರಡು ಸಾಲುಗಳೂ ಹತ್ತಿರವಾಗಬೇಕು, ಬಲೆ ಮುಚ್ಚಿಕೊಂಡು ದಂಡೆಗೆ ಬರಬೇಕು. ನಾನು ಸ್ಟಾಪ್‌ವಾಚು ಒತ್ತಿ, ಪೆನ್ಸಿಲ್ ಹಿಡಿದು ಎಣಿಸತೊಡಗಿದೆ.

ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಸಂಖ್ಯೆ ಬಂತು. ಬಲೆ ಹತ್ತಿರವಾದಂತೆ ಜನ ಹೆಚ್ಚುತ್ತಿದ್ದರು. ಸೈಕಲ್ ನಿಲ್ಲಿಸಿ ಒಬ್ಬ ಬಂದ. ಶಾಲೆಯ ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಕಂಕುಳಲ್ಲಿ ಕೂಸನ್ನು ಹೊತ್ತ ಹೆಂಗಸು ಇನ್ನೊಂದು ಕೈಯಲ್ಲಿ ಹಗ್ಗ ಮುಟ್ಟಿದಳು. ಸಾಲಿನ ಕೊನೆಯಲ್ಲಿ ಮುದುಕರೊಬ್ಬರಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಎಳೆಯುವ ಶಕ್ತಿ ಇರಲಿಲ್ಲ. ಹಗ್ಗದ ಮೇಲೆ ಕೈ ಇಟ್ಟು ಎಲ್ಲರ ಜೊತೆ ಹಿಂದೆ ಹಿಂದೆ ನಡೆಯುತ್ತಿದ್ದರು.

“ಅವರು ಬಾಬಣ್ಣ,” ಎಂದ ಇಬ್ರಾಹಿಂ. “ದೋಣಿಯಲ್ಲಿ ಎಷ್ಟೋ ವರ್ಷ ದುಡಿದವರು. ಈಗ ಹೀಗೆ ಬರ್ತಾರೆ. ಹಗ್ಗ ಮುಟ್ಟಿದವರಿಗೆಲ್ಲ ಪಾಲುಂಟು.”

“ಮುಟ್ಟಿದರೆ ಸಾಕಾ?”

“ಸಾಕು. ನೀವು ಮುಟ್ಟಬೇಡಿ, ಸಿಕ್ಕಿಬೀಳ್ತೀರಿ.”

ಆಗಲೇ ಬಾಬಣ್ಣನ ಮುಂದಿದ್ದ ಗಂಡಸು ಎಲೆಯಡಿಕೆ ಉಗುಳಲು ಪಕ್ಕಕ್ಕೆ ಸರಿದ. ಅಲೆ ವಾಪಸು ಹೋಗುವಾಗ ಹಗ್ಗ ಸಮುದ್ರದ ಕಡೆಗೆ ಜಗ್ಗಿತು. ಯಾರೋ “ಪತ್ತ್‌ಲೆ!” ಎಂದು ತುಳುವಿನಲ್ಲಿ ಕೂಗಿದರು. ಹಿಡಿಯಿರಿ ಎಂದರ್ಥವೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಬಲೆ, ಮೀನು, ಇಡೀ ಊರಿನ ಊಟ ನನ್ನೊಬ್ಬನ ತಪ್ಪಿನಿಂದ ಕಡಲಿಗೆ ಹೋದಂತೆ ನನಗೆ ಕಂಡಿತು. ಪೆನ್ಸಿಲ್ ಬಿಸಾಡಿ ಹಗ್ಗಕ್ಕೆ ಜೋತುಬಿದ್ದೆ.

ಹಿಂದಿನಿಂದ ಬಾಬಣ್ಣ ನನ್ನ ಸೊಂಟಕ್ಕೆ ಕೈಯಿಟ್ಟರು. “ಹಾಗೆ ಅಲ್ಲ. ಕಾಲು ಅಡ್ಡ ಇಡಿ. ಹಿಂದೆ ಮಲಗಿದ ಹಾಗೆ ಬೀಳಿ. ಹೆದರಬೇಡಿ, ಹಿಂದೆ ನಾನಿದ್ದೇನೆ.”

ಅವರು ನನ್ನನ್ನು ಹಿಡಿಯಬಲ್ಲರೆಂಬ ನಂಬಿಕೆ ನನಗಿರಲಿಲ್ಲ. ಆದರೂ ಹಾಗೆಯೇ ಬಿದ್ದೆ. ಕಾಲು ಮರಳಿನಲ್ಲಿ ಹೂತಿತು, ತೆಂಗಿನ ನಾರು ಅಂಗೈಯ ಚರ್ಮ ಕಿತ್ತಿತು. ಉಗುಳಿ ಬಂದವನು ತನ್ನ ಜಾಗ ಕೇಳಲಿಲ್ಲ, ನನ್ನ ಮುಂದೆ ತೂರಿಕೊಂಡ. ಬಲೆ ದಂಡೆಗೆ ಬಂದಾಗ ಬಂಗುಡೆಗಳು ಬೆಳ್ಳಗೆ ಕುಣಿಯುತ್ತಿದ್ದವು. ಸ್ಟಾಪ್‌ವಾಚು ಜೇಬಿನಲ್ಲಿ ಓಡುತ್ತಲೇ ಇತ್ತು. ಯಾವುದರ ಸಮಯ ಅಳೆಯುತ್ತಿತ್ತೋ ಅದಕ್ಕೇ ಗೊತ್ತು.

ಬಲೆಯ ಮುಖ್ಯಸ್ಥರು, ಅವರನ್ನು ತಂಡೇಲರೆನ್ನುತ್ತಾರೆ, ತೇಗದ ಎಲೆಯಲ್ಲಿ ಸುತ್ತಿದ ಮೀನನ್ನು ನನ್ನ ಮುಂದೆ ಹಿಡಿದರು.

“ನನಗೆ ಬ್ಯಾಡ್ರಿ,” ಎಂದೆ.

“ಯಾಕೆ, ಕಡಿಮೆ ಆಯ್ತಾ?”

“ಅಯ್ಯೋ, ಹಂಗಲ್ರಿ! ನಾವು ತಿನ್ನಂಗಿಲ್ಲ. ನಾನು ನೋಡಕ್ಕೆ ಬಂದವನು.”

“ನೋಡ್ಲಿಕ್ಕೆ ಬಂದವರು ಆಚೆ ನಿಲ್ಲಬೇಕಿತ್ತು,” ಎಂದರು ತಂಡೇಲರು. “ಹಗ್ಗ ಹಿಡಿದ ಮೇಲೆ ಪಾಲು ಬಿಟ್ಟು ಹೋಗುವ ಹಾಗಿಲ್ಲ. ತಿನ್ನದಿದ್ರೆ ತಿನ್ನುವವರಿಗೆ ಕೊಡಿ.”

ಬಾಬಣ್ಣ ತಮ್ಮ ಎಲೆಯ ಗಂಟನ್ನು ಎದೆಗಾನಿಸಿಕೊಂಡು ನಕ್ಕರು. “ನಾಳೆಯೂ ಬನ್ನಿ. ಎರಡು ದಿನದಲ್ಲಿ ಕಲಿಯುತ್ತೀರಿ.”

ನನ್ನ ಪಾಲನ್ನು ತೋಳುದ್ದ ದೂರ ಹಿಡಿದುಕೊಂಡು ಪೇಟೆಯವರೆಗೆ ನಡೆದೆ. ಕಾಪುವಿನಲ್ಲಿ ಹರಿಹರದ ಲಿಂಗಾಯತರು ಯಾರಾದರೂ ಎದುರಾದಾರೆಂದು ನಾನು ಹೆದರಿದ್ದನ್ನು ಇಬ್ರಾಹಿಂ ಈಗಲೂ ಹೇಳಿಕೊಂಡು ನಗುತ್ತಾನೆ. ಗಂಟನ್ನು ಅವನ ತಾಯಿಯ ಕೈಗೆ ದಾಟಿಸಿ ಸ್ನಾನ ಮಾಡಿದೆ. ಆಮೇಲೆ ವರದಿಗೆ ಕೂತೆ. ಅಂಗೈ ಉರಿಯುತ್ತಿದ್ದರಿಂದ ಪೆನ್ನಿಗೆ ಬಟ್ಟೆ ಸುತ್ತಿ ಬರೆದೆ. ಪುಸ್ತಕ ಹೇಳಿದಂತೆಯೇ ಎಲ್ಲ ಬಂತು: ಎಳೆತದ ಹಂತಗಳು, ವಿಶ್ರಾಂತಿಯ ರಿಯಾಯಿತಿ, ನಕ್ಷೆ. ಕೊನೆಯ ಸಾಲು: ಈ ಕೆಲಸಕ್ಕೆ ಈಗಿರುವವರಲ್ಲಿ ಅರ್ಧದಷ್ಟು ಜನ ಸಾಕು. ಓದಿ ನೋಡಿದೆ. ಪಾಸಾಗುವ ವರದಿಯಂತೆಯೇ ಕಂಡಿತು.

ಮರುದಿನ ಶಿರ್ವದ ಮಾರ್ಗವಾಗಿ ಕಾರ್ಕಳಕ್ಕೆ ಹೋದೆವು. ಗದ್ದೆಗಳು ಮಾಗಿದ್ದವು. ಶಿರ್ವದಲ್ಲಿ ತೆಂಗಿನ ಮರಗಳ ನಡುವೆ ಹೊಸ ಮನೆಗಳು ಏಳುತ್ತಿದ್ದವು. ಎಲ್ಲ ಗಲ್ಫಿನ ದುಡಿಮೆ ಎಂದ ಇಬ್ರಾಹಿಂ. ಕಾರ್ಕಳದಲ್ಲಿ ಬಂಡೆಗುಡ್ಡದ ಮೇಲಿನ ಗೊಮ್ಮಟನಿಗೆ ಕೆಳಗಿನಿಂದಲೇ ಕೈ ಮುಗಿದು ಕುಕ್ಕುಂದೂರಿಗೆ ನಡೆದೆವು.

ಪರೀಕ್ಷಕರ ಹೆಸರು ಪದ್ಮರಾಜಯ್ಯ. ಮುಂಬಯಿಯ ಒಂದು ಬಟ್ಟೆ ಗಿರಣಿಯಲ್ಲಿ ಮ್ಯಾನೇಜರರಾಗಿದ್ದು ನಿವೃತ್ತರಾದವರು. ಜಗಲಿಯಲ್ಲಿ ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಮೊದಲು ಇಬ್ರಾಹಿಂನ ಪರೀಕ್ಷೆ ಮಾಡಿ ಬೇಗ ಬಿಟ್ಟರು. ಅವನು ಅಂಗಳದಾಚೆ ಗೇಟಿನ ಬಳಿ ಹೋಗಿ ನಿಂತ. ನಾನು ವರದಿ ಕೊಡಲು ಕೈ ಚಾಚಿದೆ. ಅವರು ವರದಿಯನ್ನು ಬಿಟ್ಟು ಅಂಗೈ ನೋಡಿದರು.

“ಇದು ಎಂತ?”

“ಹಗ್ಗ ಹಿಡಿದೆ ಸಾರ್.”

“ನಿಮ್ಮ ಲೆಕ್ಕದಲ್ಲಿ ನೀವು ಇದ್ದೀರಾ?”

“ಇಲ್ಲ ಸಾರ್. ನಾನು ಅಧ್ಯಯನ ಮಾಡುವವನು.”

“ಪಾಲು ಕೊಟ್ಟರಾ?”

“ಕೊಟ್ಟರು.”

“ತಗೊಂಡ್ರಾ?”

“…ತಗೊಂಡೆ ಸಾರ್.”

“ಹಾಗಾದ್ರೆ ಅಧ್ಯಯನ ಮಾಡುವವ ಹೇಗಾದಿರಿ?” ಎಂದು ಅವರು ಕನ್ನಡಕ ಹಾಕಿಕೊಂಡು ಕೊನೆಯ ಹಾಳೆ ತೆಗೆದರು. “ಅರ್ಧ ಜನ ಸಾಕು ಅಂತ ಬರೆದಿದ್ದೀರಿ. ಇರಲಿ. ಮೊದಲು ಯಾರನ್ನು ತೆಗೆಯುವುದು?”

“ನನ್ನನ್ನೇ ತೆಗೀಬೇಕು ಸಾರ್,” ಎಂದೆ. ಒಳ್ಳೆಯ ಉತ್ತರ ಹೊಳೆಯಿತೆಂದು ಹಿಗ್ಗಿದೆ ಕೂಡ.

ಅವರು ನಗಲಿಲ್ಲ. “ಅದು ಜಾಣ ಉತ್ತರ. ಜಾಣ ಉತ್ತರಕ್ಕೆ ಮಾರ್ಕಿಲ್ಲ. ಎರಡನೆಯವ ಯಾರು?”

ಕೂಸು ಹೊತ್ತ ಹೆಂಗಸು ನೆನಪಾದಳು, ಮೇಷ್ಟ್ರು ನೆನಪಾದರು. ಅವರ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಹೆಸರು.

“ಒಬ್ಬರು ವಯಸ್ಸಾದವರು ಇದ್ದರು ಸಾರ್,” ಎಂದೆ.

“ವಯಸ್ಸು ಕೇಳಲಿಲ್ಲ. ಯಾರು?”

ಗೇಟಿನ ಬಳಿ ಇಬ್ರಾಹಿಂ ಯಾರೊಡನೆಯೋ ಮಾತಾಡುತ್ತಿದ್ದ. ಅಷ್ಟು ದೂರ ಕೇಳಿಸದು. ಆದರೂ ದನಿ ತಗ್ಗಿಸಿದೆ. “ಬಾಬಣ್ಣ.”

“ಬರೆಯಿರಿ,” ಎಂದು ತಮ್ಮ ಪೆನ್ನು ಕೊಟ್ಟರು. ‘ಅರ್ಧದಷ್ಟು ಜನ ಸಾಕು’ ಎಂಬ ಸಾಲಿನ ಕೆಳಗೆ ಬರೆದೆ. ಉರಿಯುವ ಕೈಯಲ್ಲಿ ಅಕ್ಷರ ಸೊಟ್ಟಗಾಯಿತು. ಅವರು ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿದರು.

“ಗಿರಣಿಯಲ್ಲಿ ನಾನು ಸಂಖ್ಯೆ ಬರೆದು ಕೊಡುತ್ತಿದ್ದೆ. ಹೆಸರು ಹಾಕುವ ಕೆಲಸ ಬೇರೆಯವರದ್ದು,” ಎಂದರು. ಮಾರ್ಕು ಹಾಕಿ ಸಹಿ ಮಾಡಿದರು. “ಪಾಸಾಗಿದ್ದೀರಿ. ಮಜ್ಜಿಗೆ ಕುಡಿದು ಹೋಗಿ.”

ಇಬ್ರಾಹಿಂ ನನ್ನ ಮುಖ ನೋಡಿ ಗಾಬರಿಯಾದ. “ಎಂತ ಬಸಣ್ಣ, ಹೋಯ್ತಾ?”

“ಇಲ್ಲ, ಪಾಸು.”

“ಹಾಗಾದ್ರೆ ಹೀಗೆ ಎಂತಕ್ಕೆ ಇದ್ದೀರಿ ಮಾರಾಯ್ರೆ, ಸೂತಕದವರ ಹಾಗೆ! ಎಂತ ಕೇಳಿದ್ರು?”

“ಎಷ್ಟು ಜನ ಬೇಕು ಅಂತ.”

“ಅಷ್ಟೇಯಾ?” ಅವನು ನನ್ನ ಬೆನ್ನು ತಟ್ಟಿದ. “ನಾಳೆ ದಂಡೆಗೆ ಹೋಗಿ ಬಾಬಣ್ಣನಿಗೆ ಹೇಳ್ತೇನೆ. ನೀವು ಕಲಿಸಿದವರು ಪಾಸಾದ್ರು ಅಂತ. ಭಾರೀ ಖುಷಿ ಆಗ್ತದೆ ಅವರಿಗೆ.”

ಬೇಡ ಎನ್ನಲು ಕಾರಣ ಹೇಳಬೇಕಿತ್ತು. ಚೀಲ ಹೆಗಲಿಗೇರಿಸಿ ನಡೆಯತೊಡಗಿದೆ.

ಕಾರ್ಕಳದ ನಿಲ್ದಾಣದಿಂದ ಇಬ್ರಾಹಿಂ ಕಾಪುವಿನ ಬಸ್ಸು ಹತ್ತಿದ, ನಾನು ಹೆಬ್ರಿಯ ಮೂಲಕ ಆಗುಂಬೆಗೆ ಹೋಗುವುದನ್ನು ಹಿಡಿದೆ. ಬಸ್ಸು ತುಂಬಿತ್ತು. ನಿಂತೇ ಹೋಗೋಣವೆಂದು ಕಂಬಿ ಹಿಡಿದೆ, ಅಂಗೈ ಉರಿದು ಬಿಟ್ಟೆ. ಮೂವರ ಸೀಟಿನ ತುದಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಅದನ್ನು ನೋಡಿದರು. ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಪಕ್ಕದವರನ್ನು ಮೊಣಕೈಯಿಂದ ತಿವಿದರು. “ಸ್ವಲ್ಪ ಆಚೆ ಹೋಗಿ ಮಾರಾಯ್ರೆ, ಇನ್ನೊಂದು ಜನಕ್ಕೆ ಜಾಗ ಉಂಟು.”

ಇರಲಿಲ್ಲ. ಅದು ಕಣ್ಣಿಗೆ ಕಾಣುತ್ತಿತ್ತು. ಆದರೂ ಒಬ್ಬರು ಗೊಣಗಿಕೊಂಡು ಸರಿದರು, ಇನ್ನೊಬ್ಬರು ಮೈ ಓರೆ ಮಾಡಿದರು. ಹೆಬ್ರಿಯವರೆಗೂ ಅರ್ಧ ಸೀಟಿನಲ್ಲಿ, ಕಾಲೊಂದನ್ನು ದಾರಿಗೆ ಚಾಚಿ ಕೂತೆ. ಯಾರೂ ನನ್ನ ಹೆಸರು ಕೇಳಲಿಲ್ಲ.