ನಾನು ಹೂಂ ಎಂದರೆ ಹೊರಡುವ ನಾಲ್ಕು ಸೈಕಲ್ಲುಗಳು

ಮೊಸಳೆ ಬರಬಹುದಿತ್ತು. ಹೊಳೆಯಿಂದ ಕಾಲುವೆಗೆ, ಕಾಲುವೆಯಿಂದ ಏರಿಗೆ ಹತ್ತಿ, ಎಳೆ ಬಿಸಿಲು ಕಾಯಿಸಿಕೊಳ್ಳುತ್ತ ನಮ್ಮ ದಾರಿಗೆ ಅಡ್ಡ ಮಲಗಿರಬಹುದಿತ್ತು. ದರೋಜಿ ಗುಡ್ಡದ ಕರಡಿ ಕಬ್ಬು ತಿನ್ನಲು ಇಳಿದು ಬಂದಿರಬಹುದಿತ್ತು. ಚಿರತೆಯ ಬಗ್ಗೆ ಪ್ರತ್ಯೇಕವಾಗಿಯೇ ಚಿಂತೆ ಮಾಡಿದ್ದೆ, ಏಕೆಂದರೆ ಅದು ಸದ್ದು ಮಾಡುವುದಿಲ್ಲ. ಸೈಕಲ್ಲಿನ ಬ್ರೇಕ್ ವೈರು ಕಡಿಯಬಹುದಿತ್ತು. ಹೆಂಡತಿಯ ವೇಲು ಗಾಲಿಗೆ ಸುತ್ತಿಕೊಳ್ಳಬಹುದಿತ್ತು. ಪಂಕ್ಚರ್ ಅಂಗಡಿ ಇಲ್ಲದ ಕಡೆ ಪಂಕ್ಚರ್ ಆಗಬಹುದಿತ್ತು. ಇಬ್ಬರ ಸೈಕಲ್ಲೂ ಒಟ್ಟಿಗೇ ಆಗಬಹುದಿತ್ತು. ನನ್ನ ಬಲಗಡೆ ಮೊಣಕಾಲು ಅರ್ಧ ದಾರಿಯಲ್ಲಿ ಕೈಕೊಡಬಹುದಿತ್ತು. ಹಂಪಿಯ ಕೋತಿಗಳು ಬುತ್ತಿಯ ಜೊತೆಗೆ ಬಿಪಿ ಗುಳಿಗೆಯನ್ನೂ ಒಯ್ಯಬಹುದಿತ್ತು. ನಾನು ಕಾಲುವೆಗೆ ಬೀಳಬಹುದಿತ್ತು. ನನಗೆ ಈಜು ಬರುವುದಿಲ್ಲ, ಹೆಂಡತಿಗೆ ಬರುತ್ತದೆ. ಅವಳು ನನ್ನನ್ನು ಎತ್ತಲು ಧುಮುಕುತ್ತಾಳೆ ಎಂದೇ ಇಟ್ಟುಕೊಳ್ಳೋಣ. ಆಗ ದಂಡೆಯ ಮೇಲಿನ ಸೈಕಲ್ಲುಗಳನ್ನು ನೋಡಿಕೊಳ್ಳುವವರು ಯಾರು?

ಇದು ಹೊರಡುವ ಹಿಂದಿನ ದಿನ ಮಧ್ಯಾಹ್ನ ಊಟಕ್ಕೂ ಚಹಾಕ್ಕೂ ನಡುವೆ ನನಗೆ ಹೊಳೆದದ್ದು. ಚಹಾ ಆದ ಮೇಲೆ ಹೊಳೆದದ್ದನ್ನು ಬರೆದರೆ ಜಾಗ ಸಾಲದು.

ನನ್ನನ್ನು ಪೂರ್ತಿ ತಪ್ಪು ತಿಳಿಯಬಾರದು. ಸಂಡೂರಿನ ಒಂದು ಗಣಿಯಲ್ಲಿ ನಾನು ಸುರಕ್ಷತೆಯ ಮೇಲ್ವಿಚಾರಕ. ಏನೇನು ಕೆಡಬಹುದು ಎಂದು ಬೆಳಗಿನಿಂದ ಸಂಜೆಯವರೆಗೆ ಯೋಚಿಸಲು ಅಲ್ಲಿ ಸಂಬಳ ಕೊಡುತ್ತಾರೆ. ಸಂಜೆಯ ನಂತರ ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ, ಅಷ್ಟೇ. ಯಾರದೋ ಗೃಹಪ್ರವೇಶಕ್ಕೆ ಹೋದರೆ ಎಲೆಯ ಮುಂದೆ ಕೂರುವ ಮೊದಲು ಅಡುಗೆಯವರ ಗ್ಯಾಸ್ ಪೈಪನ್ನು ಒಮ್ಮೆ ಮುಟ್ಟಿ ನೋಡಿ ಬರುತ್ತೇನೆ. ಹೊಸಪೇಟೆಯಲ್ಲಿ ನಮ್ಮನ್ನು ಬಲ್ಲ ಮನೆಗಳಲ್ಲೆಲ್ಲ ಇದು ಗೊತ್ತು. ಮೊದಲು ನಗುತ್ತಿದ್ದರು. ಆಮೇಲೆ ನಿಧಾನವಾಗಿ ನಾನೊಂದು ಅಳತೆಗೋಲಾದೆ. ಆ ಮನುಷ್ಯನೇ ಹೆದರಲಿಲ್ಲ ಎಂದರೆ ಇನ್ನು ಯಾರೂ ಹೆದರಬೇಕಾಗಿಲ್ಲ ಎಂಬ ಮಾತು ಹುಟ್ಟಿಕೊಂಡಿತು. ಆದರೆ ಇಷ್ಟು ವರ್ಷಗಳಲ್ಲಿ ನಾನು ಹೆದರದೆ ಇದ್ದ ಸಂಗತಿ ಒಂದೂ ಇಲ್ಲವಾದ್ದರಿಂದ ಆ ಮಾತನ್ನು ಬಳಸುವ ಸಂದರ್ಭವೇ ಬಂದಿರಲಿಲ್ಲ.

ಸಂದರ್ಭ ತಂದವಳು ನನ್ನ ಹೆಂಡತಿ. ಅವಳು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಲವತ್ತಾರನೆಯ ವಯಸ್ಸಿನಲ್ಲಿ, ಶಾಲೆ ಬಿಟ್ಟ ಮೇಲೆ ಅದೇ ಶಾಲೆಯ ಮೈದಾನದಲ್ಲಿ, ಎಂಟನೆಯ ತರಗತಿಯ ಒಬ್ಬ ಹುಡುಗಿಯಿಂದ ಸೈಕಲ್ ಕಲಿತಳು. ನನಗೆ ಹೇಳಿದ್ದು ಕಲಿತು ಮೂರು ತಿಂಗಳಾದ ಮೇಲೆ, ಮೊಣಕೈಯ ಗಾಯವೆಲ್ಲ ಮಾಯ್ದ ಮೇಲೆ. ಅವಳನ್ನು ನೋಡಿ ಇನ್ನೂ ಮೂವರು ಶಿಕ್ಷಕಿಯರು ಕಲಿತರು. ಈಗ ನಾಲ್ವರೂ ಸೇರಿ, ಒಂದು ಶನಿವಾರ ಹೊಸಪೇಟೆಯಿಂದ ಕಾಲುವೆ ಏರಿ ಹಿಡಿದು ಹಂಪಿ, ಕಮಲಾಪುರದಲ್ಲಿ ಒಬ್ಬರ ತವರುಮನೆಯಲ್ಲಿ ರಾತ್ರಿ, ಭಾನುವಾರ ಕಂಪ್ಲಿ ಎಂದು ಯೋಜನೆ ಹಾಕಿದ್ದರು. ಮನೆಗಳಲ್ಲಿ ಹೂಂ ಎನ್ನಬೇಕಿತ್ತು. ಮೂವರಲ್ಲಿ ಹಿರಿಯರಾದ ಒಬ್ಬರ ಅತ್ತೆ ಸಂಡೂರು ಕಡೆಯ ಬಂಡ್ರಿ ಊರಿನವರು, ಮಾತು ಕಡಿಮೆ, ಹೇಳಿದ್ದು ಕಡೆಯದು. ಅವರು ಒಪ್ಪಿದರೆ ಉಳಿದೆರಡು ಮನೆಯವರೂ ಒಪ್ಪುತ್ತಾರೆ. ಅವರು ಕೇಳಿದ್ದು ಒಂದೇ.

“ಟೀಚರಮ್ಮಾ, ಮೊದಲು ನಿಮ್ಮ ಯಜಮಾನ್ರು ಹೋಗಿ ಬರ್ಲಿ. ಅವರು ಹೂಂ ಅಂದ್ರ ನಮ್ಮ ಸೊಸಿನ್ನ ಕಳಸ್ತೀನಿ. ಬ್ಯಾಡ ಅಂದ್ರ ಬ್ಯಾಡ.”

ಹೀಗೆ ನಾಲ್ಕು ಸೈಕಲ್ಲುಗಳು ನನ್ನ ಬಾಯಿಯ ಒಂದು ಅಕ್ಷರಕ್ಕೆ ಕಾದು ನಿಂತವು. ಅದಕ್ಕೂ ಒಂದು ವಾರ ಮೊದಲಿನ ಭಾನುವಾರ ಬೆಳಿಗ್ಗೆ ನಾನೂ ಹೆಂಡತಿಯೂ ಒಂದೇ ದಿನದಲ್ಲಿ ಇಡೀ ದಾರಿ ನೋಡಿ ಬರುವುದು, ಹನ್ನೊಂದು ಗಂಟೆಗೆ ಆ ಅತ್ತೆಯವರು ಫೋನ್ ಮಾಡುವುದು, ನಾನು ಉತ್ತರ ಹೇಳುವುದು ಎಂದಾಯಿತು.

ನವೆಂಬರ್ ಕೊನೆಯ ಬೆಳಗು. ಆರು ಗಂಟೆಗೆ ಚಿತ್ತವಾಡ್ಗಿಯ ನಮ್ಮ ಮನೆಯಿಂದ ಹೊರಟೆವು. ಅವಳದು ಹಳೆಯ ಲೇಡೀಸ್ ಸೈಕಲ್, ನನ್ನದು ಪಕ್ಕದ ಮನೆಯವರಿಂದ ಎರವಲು ತಂದದ್ದು. ತಲೆಗೆ ಗಣಿಯ ಹಳದಿ ಹೆಲ್ಮೆಟ್ ಹಾಕಿಕೊಂಡಿದ್ದೆ. ಬೀದಿಯ ಮೂಲೆಯ ಚಹಾದಂಗಡಿಯವನು ಸೋಸುತ್ತಿದ್ದ ಕೈ ನಿಲ್ಲಿಸಿ ನೋಡಿದ.

“ಏನ್ ಸರ, ಆಕಾಶ ಕುಸಿಯೂದೈತೇನು?”

“ಇಲ್ಲಪ್ಪಾ. ಸೈಕಲ್ ಮ್ಯಾಲೆ ಕಂಪ್ಲಿ ತನಕ ಹೋಗಿ ಬರ್ತೀವಿ.”

“ಬಸ್ಸು ಬಂದ್ ಆಗ್ಯಾವೇನು?”

“ಬಸ್ಸು ಅದಾವು,” ಎಂದಳು ಹೆಂಡತಿ. “ಬಸ್ಸಿನ್ಯಾಗ ಹೋದ್ರ ಇವರು ಡ್ರೈವರ್‌ಗೆ ಬ್ರೇಕ್ ಹಿಡಿ ಅಂತ ಹೇಳ್ತಾರ.”

ಅದು ಸುಳ್ಳಲ್ಲ. ದಿನವೂ ಸಂಡೂರಿಗೆ ಹೋಗುವ ಬಸ್ಸಿನಲ್ಲಿ, ಅದಿರಿನ ಲಾರಿಗಳ ಕೆಂಪು ಧೂಳಿನ ಹಿಂದೆ, ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಮೊಣಕಾಲು ನೋವಿಗೆ ಅದೇ ಕಾರಣ ಎಂದು ಡಾಕ್ಟರಿಗೆ ಹೇಳಲು ನಾಚಿಕೆಯಾಗಿ ವಯಸ್ಸು ಎಂದಿದ್ದೇನೆ.

ಊರು ದಾಟಿ ಕಾಲುವೆ ಏರಿ ಹತ್ತಿದೆವು. ಏರಿಯ ಬಾಯಿಗೆ ಎರಡು ಕಲ್ಲುಕಂಬ ನೆಟ್ಟಿದ್ದರು. ಸೈಕಲ್ಲು ನುಸುಳುತ್ತದೆ, ಎಮ್ಮೆ ಹೊಟ್ಟೆ ಎಳೆದುಕೊಂಡು ನುಸುಳುತ್ತದೆ, ಕಾರು ನುಸುಳುವುದಿಲ್ಲ. ಆಚೆ ಹೋದ ಮೇಲೆ ಐದು ನಿಮಿಷ ನನಗೆ ಏನೋ ಕೆಟ್ಟಿದೆ ಅನ್ನಿಸುತ್ತಲೇ ಇತ್ತು. ಸೈಕಲ್ ನಿಲ್ಲಿಸಿ ಚೈನು ನೋಡಿದೆ, ಗಾಲಿ ತಿರುಗಿಸಿದೆ. ಎಲ್ಲ ಸರಿಯಿತ್ತು. ಆಮೇಲೆ ತಿಳಿಯಿತು, ಹಾರ್ನ್ ಕೇಳಿಸುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಕಿವಿಯಲ್ಲಿ ಕೂತಿದ್ದ ಲಾರಿ ಇಳಿದುಹೋಗಿತ್ತು. ನೀರು ಸರಿಯುವ ಸದ್ದು, ನಮ್ಮಿಬ್ಬರ ಟೈರು ಮಣ್ಣಿನ ಮೇಲೆ ಉರುಳುವ ಸದ್ದು, ಹೆಂಡತಿಯ ಸೈಕಲ್ಲಿನ ಮಡ್‌ಗಾರ್ಡ್ ಆಗಾಗ ಕಟಕಟ ಎನ್ನುವುದು. ಬೇರೇನೂ ಇಲ್ಲ.

ಹಂಪಿಯ ಕಡೆ ಬಂದಂತೆ ರಾಯರ ಕಾಲದ ಕಾಲುವೆ ಕಿರಿದಾಗಿ, ಬಂಡೆಗಳನ್ನು ಬಳಸಿ ಬಾಳೆತೋಟಗಳ ನಡುವೆ ಹಾಯುತ್ತದೆ. ಆಗ ಕಟ್ಟಿದ ಕಲ್ಲಿನ ಮೇಲೆ ಈಗ ಒಬ್ಬರು ಪ್ಯಾಂಟು ಒಗೆಯುತ್ತಿದ್ದರು. ಅರಮನೆ ಬಿತ್ತು, ಪೇಟೆ ಬಿತ್ತು, ಕಾಲುವೆ ಮಾತ್ರ ಅಂದಿನಿಂದ ಒಂದು ಬೆಳೆಯನ್ನೂ ತಪ್ಪಿಸದೆ ಹರಿದುಕೊಂಡು ಬಂದಿದೆ. ಇದನ್ನು ಕಟ್ಟಿದವನು ಖಂಡಿತ ನನ್ನಂಥ ಚಿಂತೆಯವನೇ ಇರಬೇಕು ಎಂದೆ. ಹೆಂಡತಿ ತಿರುಗಿಯೂ ನೋಡದೆ, “ನಿಮ್ಮಂಥಾವ ಆಗಿದ್ರ ಇನ್ನೂ ಅಳತಿ ಹಿಡೀತಿದ್ದ,” ಎಂದಳು.

ಒಂದೆರಡು ಕೋತಿಗಳು ಬಂಡೆಯ ಮೇಲೆ ಬೆನ್ನು ತುರಿಸಿಕೊಳ್ಳುತ್ತ ಕೂತಿದ್ದವು. ನಾನು ಬುತ್ತಿ ಚೀಲವನ್ನು ಅಂಗಿಯೊಳಗೆ ಸೇರಿಸಿಕೊಂಡು, ಗರ್ಭಿಣಿಯಂತೆ ಹೊಟ್ಟೆ ಮುಂದೆ ಮಾಡಿಕೊಂಡು ದಾಟಿದೆ. ಅವು ನನ್ನನ್ನು ಮನುಷ್ಯ ಎಂದು ಕೂಡ ಗಣಿಸಲಿಲ್ಲ. ಒಂದು ಇಳಿಜಾರಿನಲ್ಲಿ ಹೆಂಡತಿ ಪೆಡಲ್ ಬಿಟ್ಟು ಕಾಲು ಎರಡೂ ಪಕ್ಕಕ್ಕೆ ಚಾಚಿ ಜಾರಿಹೋದಳು. “ಕಾಲು, ಕಾಲು” ಎಂದು ಕೂಗಿದೆ. ಕೆಳಗೆ ಹೋಗಿ ನಿಂತು, “ಇಲ್ಲೇ ಅದಾವು, ಎರಡೂ,” ಎಂದಳು.

ಕಮಲಾಪುರದಲ್ಲಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿಂದೆವು. ಬುತ್ತಿಯ ಚಪಾತಿ ಹಾಗೇ ಉಳಿಯಿತು. ಕೆರೆಯ ಕಡೆ ಮುಖ ಮಾಡಿ ಕೂತಾಗ ಅವಳು ಮೆಲ್ಲಗೆ ಹೇಳಿದಳು.

“ರೀ, ಬದಾಮಿ ಬ್ಯಾಡ ಅಂದ್ರಿ, ಮಳಿ ಬರ್ತೈತಿ ಅಂತ. ಗೋವಾ ಬ್ಯಾಡ ಅಂದ್ರಿ, ಸಮುದ್ರ ಐತಿ ಅಂತ. ಸಾಲಿ ಪ್ರವಾಸಕ್ಕ ಹೋಗದ ನಾನೊಬ್ಬಾಕಿ ಉಳದೆ. ಇಪ್ಪತ್ಮೂರು ವರ್ಷ ನಾ ಹೂಂ ಅಂದೀನಿ. ಈ ಸಲ ಬ್ಯಾಡ ಅನ್ನೂದಾದ್ರ ಕಾರಣ ನನ್ನ ಕಣ್ಣಿಗೂ ಕಾಣಬೇಕು.”

“ನಾ ಇನ್ನೂ ಏನೂ ಅಂದಿಲ್ಲಲ್ಲ.”

“ಮಾರಿ ಅಂತೈತಿ.”

ನಾನು ಮುಖವನ್ನು ಸಡಿಲ ಮಾಡಲು ನೋಡಿದೆ. ಅದು ಹೆಲ್ಮೆಟ್ಟಿನ ಪಟ್ಟಿಯ ಬಿಗಿತ ಎಂದು ಪಟ್ಟಿ ಸಡಿಲಿಸಿದೆ. ಪ್ರಯೋಜನವಾಗಲಿಲ್ಲ.

ಆದರೆ ಬುಕ್ಕಸಾಗರ ದಾಟುವಷ್ಟರಲ್ಲಿ ನನಗೇ ತಿಳಿಯದೆ ಒಂದು ಹಾಡು ಗುನುಗುತ್ತಿದ್ದೆ. ಎಡಕ್ಕೆ ದೂರದಲ್ಲಿ ಹೊಳೆ, ಬಲಕ್ಕೆ ಕೊಯ್ಲಾದ ಗದ್ದೆ, ಕೂಳೆಯ ನಡುವೆ ಬೆಳ್ಳಕ್ಕಿಗಳು. ಮೊಣಕಾಲು ಸುಮ್ಮನಿತ್ತು. ನಾಯಿಗಳು ಮಲಗಿದ್ದವು. ಇದುವರೆಗೆ ಏನೂ ಆಗಿಲ್ಲ ಎಂಬುದೇ ಒಂದು ಹೊಸ ಚಿಂತೆಯಾಗಿ ಸ್ವಲ್ಪ ಹೊತ್ತು ಕಾಡಿ, ಅದೂ ಹೋಯಿತು. ಹೂಂ ಎಂದು ಹೇಳಿಬಿಡುತ್ತೇನೆ ಎಂದು ಆಗಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದೆ. ಹೇಗೆ ಹೇಳುವುದು, ಸ್ವಲ್ಪ ತಡೆದು ಗಾಂಭೀರ್ಯದಿಂದಲೋ ಫೋನ್ ಎತ್ತಿದ ಕೂಡಲೇ ಉದಾರವಾಗಿಯೋ ಎಂಬುದಷ್ಟೇ ಉಳಿದಿತ್ತು.

ಕಂಪ್ಲಿ ಇನ್ನು ಎರಡು ಮೂರು ಕಿಲೋಮೀಟರ್ ಇರುವಾಗ ಏರಿಯ ಮೇಲೆ ಡಾಂಬರು ಶುರುವಾಯಿತು. ಅದರ ಮೇಲೆ, ಈ ಅಂಚಿನಿಂದ ಆ ಅಂಚಿಗೆ, ಉದ್ದಕ್ಕೆ ಹೊಂಬಣ್ಣದ ಕಾಳು ಹರವಿತ್ತು.

ಇಲ್ಲಿ ನಮ್ಮ ಸಂಡೂರು ಕಡೆಯ ಒಂದು ರೂಢಿ ಹೇಳಬೇಕು. ಅದು ಮಳೆಯಾಶ್ರಿತ ನೆಲ. ಬಂಡ್ರಿಯ ಸುತ್ತ ಹುರುಳಿಯನ್ನೋ ಸಜ್ಜೆಯನ್ನೋ ಕಿತ್ತು ತಂದು ರಸ್ತೆಯ ಮೇಲೆ ಹರವುತ್ತಾರೆ. ಲಾರಿ, ಬಸ್ಸು ತುಳಿದು ಹೋದರೆ ಕಾಳು ಬಿಡಿಸಿದಂತಾಗುತ್ತದೆ. ಯಾರಾದರೂ ಪಕ್ಕಕ್ಕೆ ತಪ್ಪಿಸಿಕೊಂಡು ಹೋದರೆ ರಾಶಿಯವರಿಗೆ ಬೇಜಾರು. ನಮ್ಮ ಗಣಿಯ ಜೀಪಿನವನು ಅಂಥ ಕಡೆ ಬೇಕೆಂದೇ ನಿಧಾನವಾಗಿ, ಗಾಲಿ ಎಲ್ಲ ಕಡೆ ಬೀಳುವಂತೆ ಓಡಿಸುತ್ತಾನೆ; ಅವರು ಕೈ ಎತ್ತಿ ಮುಗಿಯುತ್ತಾರೆ.

ಅಷ್ಟು ವರ್ಷದ ಅಭ್ಯಾಸ. ಮನಸ್ಸೂ ಹಗುರವಾಗಿತ್ತು. ನಾನು ಬೆಲ್ ಹೊಡೆಯುತ್ತ ಕಾಳಿನ ನಟ್ಟನಡುವೆ ಸೈಕಲ್ ಬಿಟ್ಟೆ. ಹಿಂದಿನಿಂದ ಹೆಂಡತಿ ಏನೋ ಕೂಗಿದಳು. ಭೇಷ್ ಎನ್ನುತ್ತಿದ್ದಾಳೆ ಎಂದುಕೊಂಡೆ. ಆ ತುದಿ ಮುಟ್ಟಿ ತಿರುಗಿ ನೋಡಿದರೆ ಒಂದೇ ಗೆರೆ ಬಿದ್ದಿತ್ತು. ಒಂದು ಗೆರೆಯಿಂದ ಇವರಿಗೇನು ಉಪಕಾರವಾದೀತು ಎಂದು ಮತ್ತೊಂದು ಪಕ್ಕದಿಂದ ವಾಪಸ್ಸು ಬಂದೆ. ಮೂರನೆಯ ಸಲ ಹೋಗುತ್ತಿರುವಾಗ ಬೇವಿನ ಮರದ ನೆರಳಿನಿಂದ ಒಬ್ಬ ಅಜ್ಜಿ ಎದ್ದು ಬಂದು ಹ್ಯಾಂಡಲ್ ಹಿಡಿದರು.

“ಏನ್ ಮಾಡಾಕತ್ತೀಯಪ್ಪಾ?”

“ತುಳಸಾಕತ್ತೀನ್ರಿ ಅಮ್ಮಾ,” ಎಂದೆ, ಹೆಲ್ಮೆಟ್ ಸರಿಮಾಡಿಕೊಳ್ಳುತ್ತ.

“ಇದು ಏನು, ಹುರುಳಿ ಏನು?”

ಬಗ್ಗಿ ನೋಡಿದೆ. ಭತ್ತ. ಯಂತ್ರದಲ್ಲಿ ಕೊಯ್ದು, ಕಾಳು ಬೇರೆಯಾಗಿಯೇ ಬಂದ ಭತ್ತ. ಒಣಗಲಿ ಎಂದು ಹಾಕಿದ್ದು. ಅಜ್ಜಿ ನಾಲ್ಕು ಕಾಳು ಆರಿಸಿ ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದಿ ತೋರಿಸಿದರು. ಎರಡು ಮುರಿದಿದ್ದವು.

“ತಪ್ಪಾತ್ರಿ.”

“ಆತಲ್ಲ. ಇಳಿ. ಬೂಟು ಬಿಚ್ಚು. ಹೆಂಗೂ ಮಗುಚೂ ಹೊತ್ತಾಗೈತಿ, ಸಾಲು ಎಳಿ.”

ಒಣಹಾಕಿದ ಭತ್ತವನ್ನು ಬರಿಗಾಲು ಎಳೆದುಕೊಂಡು ನಡೆಯುತ್ತ ಮಗುಚುತ್ತಾರೆ. ಕೆಳಗಿನ ಹಸಿ ಮೇಲೆ ಬರುತ್ತದೆ, ಉದ್ದಕ್ಕೆ ಸಾಲು ಬೀಳುತ್ತದೆ. ನಾನು ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಹೆಲ್ಮೆಟ್ ಮಾತ್ರ ಹಾಗೇ ಇಟ್ಟುಕೊಂಡು ಎಳೆಯತೊಡಗಿದೆ. ಅಜ್ಜಿ ನನ್ನ ಸೈಕಲ್ಲನ್ನು ಒಯ್ದು ಬೇವಿನ ಮರಕ್ಕೆ ಆನಿಸಿ, ಅದರ ಪಕ್ಕದಲ್ಲೇ ಕೂತರು. ಹೆಂಡತಿಯೂ ಕೂತಳು. ಇಬ್ಬರೂ ನಮ್ಮ ಚಪಾತಿ ತಿನ್ನುತ್ತಿದ್ದರು.

ಎರಡನೆಯ ಸಾಲಿನ ನಡುವೆ ಹನ್ನೊಂದಾಯಿತು. ಫೋನ್ ಬಂತು. ಕೈಯೆಲ್ಲ ಬೆವರು, ಸ್ಪೀಕರ್ ಹಾಕಿದೆ.

“ಸರ, ಎಲ್ಲಿಗೆ ಬಂದ್ರಿ?” ಬಂಡ್ರಿಯ ಅತ್ತೆಯವರು.

“ಕಂಪ್ಲಿ ಹತ್ರ ಅದೀವ್ರಿ.”

“ಏನಾರ ಆತೇನು?”

ಹೆಂಡತಿ ಚಪಾತಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ‘ರಸ್ತೆಯಲ್ಲಿ ಅಡಚಣೆ ಇದೆ’ ಎಂಬ ಒಂದು ವಾಕ್ಯ ಸಾಕಿತ್ತು. ಅಂಥ ವರದಿ ಬರೆದೇ ನನ್ನ ಕೂದಲು ನೆರೆತಿದೆ. ಕಾರಣ ಅವಳ ಕಣ್ಣಿಗೂ ಕಾಣುವಂತೆ, ಅರ್ಧ ಫರ್ಲಾಂಗು ಉದ್ದ ಹರವಿಕೊಂಡಿತ್ತು.

“ಒಂದು ಆತ್ರಿ,” ಎಂದೆ. “ನಾ ಭತ್ತದ ಮ್ಯಾಲೆ ಸೈಕಲ್ ಹೊಡದೆ. ತಪ್ಪು ನಂದು. ರಸ್ತಿದಲ್ಲ.”

“ಹೊಡದ್ರೇನಾತು? ತುಳೀಲಿ ಅಂತನ ಹಾಕಿರ್ತಾರಲ್ಲ.”

ಅಜ್ಜಿ ಎದ್ದು ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

“ಯಾವೂರವ್ವಾ ನಿಂದು?”

“ಬಂಡ್ರಿ. ನೀ ಯಾರು?”

“ಭತ್ತದಾಕಿ. ನಿಮ್ಮ ಕಡೆ ಹುರುಳಿ, ತುಳುದ್ರ ಕಾಳಾಕ್ಕತಿ. ಇದು ತುಳುದ್ರ ನುಚ್ಚಾಕ್ಕತಿ.”

“ಒಂದು ಸೈಕಲ್ಲಿಗೆ ಎಷ್ಟು ನುಚ್ಚಾದೀತು? ಆ ಸರ ಏನು ಲಾರಿ ಏನು?”

“ಮೂರು ಸಲ ಓಡಾಡ್ಯಾನ.”



“ಮೂರು ಸಲ ಯಾಕ?”

“ಪುಣ್ಯ ಬರ್ಲಿ ಅಂತ ಇರ್ಬೇಕು.”

“ಹೋಗ್ಲಿ ಬಿಡವ್ವಾ. ಆ ದಾರ್ಯಾಗ ಗಾಡಿ ಭಾಳ ಅಡ್ಡಾಡ್ತಾವೇನು? ನಮ್ಮ ಸೊಸಿ ಸೈಕಲ್ ಮ್ಯಾಲೆ ಬರ್ತೀನಿ ಅಂತಾಳ.”

“ಗಾಡಿ ಅಡ್ಡಾಡಿದ್ರ ನಾ ಇಲ್ಲಿ ಒಣಹಾಕ್ತಿದ್ನೇನು? ಮುಂಜಾನಿಂದ ಬಂದಿದ್ದು ಒಂದು ನಾಯಿ, ಎರಡು ಎಮ್ಮಿ, ಈ ಸರ.”

“ಹಂಗಾರ ಕಳಸ್ತೀನಿ.”

“ಕಳಸು. ಭತ್ತ ಕಂಡ್ರ ಇಳದು ಪಕ್ಕಕ್ಕ ದೂಕ್ಕೊಂಡು ಹೋಗು ಅಂತ ಹೇಳು. ಈ ಸರನ್ನ ಮಾತ್ರ ಜೊತಿಗೆ ಬ್ಯಾಡ.”

ಫೋನ್ ನನ್ನ ಕೈಗೆ ಬರುವಷ್ಟರಲ್ಲಿ ಆ ಕಡೆ ಇಟ್ಟಾಗಿತ್ತು. ಉದಾರವಾಗಿಯೋ ಗಾಂಭೀರ್ಯದಿಂದಲೋ ಎಂಬ ಪ್ರಶ್ನೆ ಉಳಿಯಲಿಲ್ಲ. ಹೆಂಡತಿ ಆಗಲೇ ಉಳಿದ ಮೂವರಿಗೆ ಮೆಸೇಜು ಕಳಿಸುತ್ತಿದ್ದಳು. ತಲೆ ತಗ್ಗಿಸಿಕೊಂಡಿದ್ದಳು, ನಗುತ್ತಿದ್ದಾಳೋ ಏನೋ ಎಂದು ಹತ್ತಿರ ಹೋಗಿ ನೋಡಿದೆ. ನಗುತ್ತಿರಲಿಲ್ಲ. ಕಣ್ಣು ಒರೆಸಿಕೊಂಡು, “ಧೂಳು,” ಎಂದಳು. “ನೀವು ಎಳೀರಿ.”

ಐದು ಸಾಲು ಎಳೆದೆ. ಪಾದ ತುರಿಸುತ್ತಿತ್ತು. ಕೊನೆಗೆ ತಿರುಗಿ ನೋಡಿದರೆ ಭತ್ತವೆಲ್ಲ ಒಂದೇ ಸಮ, ಸಾಲು ಸಾಲಾಗಿ, ಹೊಸದಾಗಿ ಬಾಚಿದಂತೆ ಇತ್ತು. ನನ್ನ ಟೈರು ಎಲ್ಲೆಲ್ಲಿ ಹಾದಿತ್ತೆಂದು ನನಗೇ ಗುರುತು ಸಿಗಲಿಲ್ಲ. ಅಜ್ಜಿ ಬಂದು ನನ್ನ ಪಕ್ಕ ನಿಂತು, ಒಂದು, ಎರಡು, ಮೂರು ಎಂದು ಆ ಜಾಗಗಳನ್ನು ಬೆರಳು ಮಾಡಿ ತೋರಿಸಿದರು.