ಜೇನುಹುಳಕ್ಕೆ ಕೊಟ್ಟ ಮಾತು

ಕಳೆದ ವಾರ ರಾಣೆಬೆನ್ನೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮಾತೃಭಾಷಾ ದಿನ ಆಚರಿಸಿದರು. ಸ್ವಾಗತ ಭಾಷಣ ಇಂಗ್ಲಿಷಿನಲ್ಲಿತ್ತು. ಅಧ್ಯಕ್ಷತೆ ನನ್ನದು. (ನಗಬೇಡಿ, ಶಾಲು ಹೊದಿಸುತ್ತಾರೆಂದರೆ ನೀವೂ ಹೋಗುತ್ತಿದ್ದಿರಿ.)

ಮುಖ್ಯ ಅತಿಥಿ ಗೌರಿ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದಾಳೆ, ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಹುಣಸೂರು ಕಡೆಯ ಕಾಡಂಚಿನ ಹಾಡಿಯವಳು, ಜೇನುಕುರುಬರ ಹುಡುಗಿ. ಅವರಿಗೆ ಅವರದೇ ಭಾಷೆಯಿದೆ. ಕನ್ನಡಕ್ಕೆ ಹತ್ತಿರದ ನೆಂಟ. ಆದರೂ ಅವಳು ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗ ಮೆಟ್ಟಿಲ ಮೇಲೆ ನಿಂತು ಕೇಳಿದರೆ (ಕೇಳುತ್ತೇನೆ, ಏನೀಗ?) ನನಗೆ ಪೂರ್ತಿ ತಿಳಿಯುವುದಿಲ್ಲ.

ಅವಳ ಮಗಳು ಚಿನ್ನಿ ಅದೇ ಶಾಲೆಯ ಎಲ್‌ಕೆಜಿ. ಅಲ್ಲಿನ ಹೆಡ್ ಮೇಡಂ ಬ್ಯಾಡಗಿಯವರು, ಒಳ್ಳೆಯವರೇ. ಸೇರಿಸುವ ದಿನವೇ ಗೌರಿಯನ್ನು ಕೂರಿಸಿಕೊಂಡು, ಮನೆಯಲ್ಲಿ ಆ ಭಾಷೆ ಬಂದ್ ಮಾಡಿ, ಮಗು ಗೊಂದಲಕ್ಕೆ ಬೀಳುತ್ತದೆ ಎಂದು ಬುದ್ಧಿ ಹೇಳಿದ್ದರು. ಗೌರಿ ಬಂದ್ ಮಾಡಲಿಲ್ಲ. ಚಿನ್ನಿಯೇ ಮಾಡಿದಳು. ಈಗ ಹಾಡಿಯಿಂದ ಅಜ್ಜಿಯ ಫೋನ್ ಬಂದರೆ ಮಂಚದ ಕೆಳಗೆ ಹೋಗಿ ಕೂರುತ್ತಾಳೆ. ಅಜ್ಜಿ ಆ ಕಡೆಯಿಂದ ಹಲೋ ಹಲೋ ಅನ್ನುತ್ತಲೇ ಇರುತ್ತಾಳೆ.

ಅದೇ ಮೇಡಂ ಈಗ ಗೌರಿಯನ್ನು ಅತಿಥಿಯಾಗಿ ಕರೆದಿದ್ದರು. ಎಲೆ, ಬಳ್ಳಿ ಸುತ್ತಿಕೊಂಡು ಬರಲು ಆಗುತ್ತದೆಯೇ ಎಂದು ನನ್ನ ಮೂಲಕ ವಿಚಾರಿಸಿದ್ದರು. ಗೌರಿ ಇಳಕಲ್ ಸೀರೆ ಉಟ್ಟು ಬಂದಳು.

ಅಳಿವಿನಂಚಿನ ಭಾಷೆಗಳ ಬಗ್ಗೆ ನಾನು ಅರ್ಧ ತಾಸು ಕೊರೆದೆ. (ಪಾಲಕರು ಆಕಳಿಸಿದರು, ತಪ್ಪು ಅವರದಲ್ಲ.) ಆಮೇಲೆ ಮೇಡಂ, ಜೇನು ಬಿಡಿಸುವಾಗಿನ ಹಾಡು ಹಾಡಬೇಕೆಂದು ಗೌರಿಯ ಕೈಗೆ ಮೈಕ್ ಕೊಟ್ಟರು. ಎಲ್ಲರ ಮೊಬೈಲುಗಳೂ ಮೇಲೆದ್ದವು.

ಗೌರಿ ಆಗುವುದಿಲ್ಲ ಎಂದಳು. ಅದನ್ನು ಮರದ ಕೆಳಗೆ ನಿಂತು ಹುಳಗಳಿಗೆ ಹಾಡುವುದಂತೆ. ನಿಮ್ಮ ಮನೆಗೆ ಬಂದಿದ್ದೇವೆ, ಸಿಟ್ಟಾಗಬೇಡಿ, ಎಲ್ಲ ಒಯ್ಯುವುದಿಲ್ಲ, ನಿಮ್ಮ ಮಕ್ಕಳಿಗೂ ಬಿಡುತ್ತೇವೆ ಎಂದು ಅದರ ಅರ್ಥ. ಹಾಗೆ ಹಾಡಿದ ಮೇಲೆ ಜೇನುಹುಟ್ಟಿನಲ್ಲಿ ಒಂದು ಪಾಲು ಬಿಟ್ಟೇ ಮರ ಇಳಿಯಬೇಕು. ಬಿಡುವುದಕ್ಕೆ ಏನೂ ಇಲ್ಲದ ಕಡೆ ಹಾಡಿದರೆ ಅದು ಸುಳ್ಳು ಹೇಳಿದ ಹಾಗೆ ಎಂದು ಅವಳ ಅವ್ವ ಕಲಿಸಿದ್ದಾಳಂತೆ.

“ಎರಡ ಸಾಲು ಹಾಡ್ರಿ ಸಾಕು, ಹುಡುಗ್ರು ಕಾಯಾಕತ್ತಾರ,” ಎಂದರು ಮೇಡಂ.

“ಮನೇಲಿ ಆಡಬೇಡಿ ಅಂದಿದ್ರಿ ಮೇಡಂ. ಇಲ್ಲಿ ಮಾತ್ರ ಯಾಕೆ ಹಾಡ್ಬೇಕು?” ಗೌರಿ ಇದನ್ನು ಮೈಕಿನಲ್ಲೇ ಕೇಳಿದಳು.

ಆಮೇಲೆ ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಗಿ ಎಲ್ಲರೂ ತಟ್ಟಿದರು. ಇದೂ ಕಾರ್ಯಕ್ರಮದ ಭಾಗ ಅಂದುಕೊಂಡರೇನೋ! ಗೌರಿಗೊಂದು ಶಾಲು, ನನಗೊಂದು ಶಾಲು, ಎಲ್ಲರಿಗೂ ಮಿರ್ಚಿ ಮಂಡಕ್ಕಿ.

ಹೊರಡುವಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೆ ಖರೇನೇ ಬೇಜಾರಾಗಿತ್ತು. “ನಾವೇನು ಆಕಿ ಭಾಷಾ ಕಸಗೊಂಡೇವೇನ್ರಿ ಸರ?”

ಮನೆಗೆ ಬರುವಾಗ ಆಟೋದಲ್ಲಿ ಅಜ್ಜಿಯ ಫೋನ್ ಬಂತು. ಗೌರಿ ಅದನ್ನು ಚಿನ್ನಿಯ ಕಿವಿಗೆ ಹಿಡಿದಳು. ಆಟೋದಲ್ಲಿ ಮಂಚವೆಲ್ಲಿದೆ? ಚಿನ್ನಿ ನಮ್ಮಿಬ್ಬರ ಮುಖ ನೋಡಿ, ಶಾಲೆಯಲ್ಲಿ ಕಲಿಸಿದಂತೆ, ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಳು.

ಅವರು ಹುಳಕ್ಕೂ ಒಂದು ಪಾಲು ಬಿಟ್ಟು ಬರುತ್ತಾರಂತೆ, ನಾವು ಈ ಹುಡುಗಿಗೆ ಎಷ್ಟು ಬಿಟ್ಟಿದ್ದೇವೆ?